ಪೋಷಣೆಯೂ ಪಾಲೂ

ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣವು ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ರಾಜಧಾನಿಯಾಗಿ ಮೆರೆಯುತ್ತಿದ್ದ ಕಾಲದಲ್ಲಿ ಅಲ್ಲಿದ್ದ ವಿಜ್ಞಾನೇಶ್ವರನೆಂಬ ಧರ್ಮಶಾಸ್ತ್ರಜ್ಞನು ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನವನ್ನು ರಚಿಸಿದನು. ವಂಗದೇಶವನ್ನು ಬಿಟ್ಟರೆ ಭರತಖಂಡದ ಬಹುಭಾಗದಲ್ಲಿ ಹಿಂದೂ ಕುಟುಂಬಗಳ ಆಸ್ತಿವಿಭಾಗವು ಶತಮಾನಗಳ ಕಾಲ ಕನ್ನಡ ನೆಲದ ಈ ಗ್ರಂಥವನ್ನೇ ಪ್ರಮಾಣವಾಗಿಟ್ಟುಕೊಂಡು ನಡೆಯಿತೆಂಬುದೂ, ಆಂಗ್ಲರ ನ್ಯಾಯಾಲಯಗಳು ಸಹ ಅದರ ಮಾತನ್ನು ಮನ್ನಿಸಿ ತೀರ್ಪು ಕೊಟ್ಟವೆಂಬುದೂ ಕಾನೂನು ಬಲ್ಲವರಿಗೆಲ್ಲ ತಿಳಿದ ವಿಷಯ. ಆ ಗ್ರಂಥದ ದಾಯವಿಭಾಗ ಪ್ರಕರಣದಲ್ಲಿ ಕುರುಡರು, ಕುಂಟರು, ಜಡರು, ಉನ್ಮತ್ತರು, ವಾಸಿಯಾಗದ ವ್ಯಾಧಿಯುಳ್ಳವರು ಮೊದಲಾದವರ ಪ್ರಸ್ತಾಪ ಬರುತ್ತದೆ. ಇವರಿಗೆ ಪಿತ್ರಾರ್ಜಿತದಲ್ಲಿ ಅಂಶವಿಲ್ಲ; ಆದರೆ ಬದುಕಿರುವವರೆಗೂ ಇವರಿಗೆ ಅನ್ನವಸ್ತ್ರಗಳನ್ನು ಕೊಟ್ಟು ಪೋಷಿಸತಕ್ಕದ್ದು ದಾಯಾದಿಗಳ ಕರ್ತವ್ಯ; ಹಾಗೆ ಪೋಷಿಸದವನಿಗೆ ಪಾತಿತ್ಯ ಪ್ರಾಪ್ತವಾಗುವುದು. ದೋಷವು ಚಿಕಿತ್ಸೆಯಿಂದ ನೀಗಿದರೆ ಅಂಥವನಿಗೆ ಪಾಲು ಸಲ್ಲಬೇಕೆಂದೂ, ಅವನ ಮಕ್ಕಳು ದೋಷರಹಿತರಾದರೆ ಅವರು ಪಾಲಿಗೆ ಅರ್ಹರೆಂದೂ ವಿಜ್ಞಾನೇಶ್ವರನು ವಿವರಿಸುತ್ತಾನೆ.

ಈ ವಿಧಿಯನ್ನು ಕ್ರೂರವೆಂದು ಒಂದೇ ಮಾತಿನಲ್ಲಿ ತಳ್ಳಿಬಿಡುವುದು ಸುಲಭ. ಆದರೆ ಅದು ನ್ಯಾಯವೆಂದು ನನಗೆ ತೋರುವುದಿಲ್ಲ. ಹಸಿವಿನಿಂದ ಯಾರೂ ಸಾಯಬಾರದೆಂಬ, ಮನೆಯವರು ಕೈಬಿಡಬಾರದೆಂಬ ದೃಢವಾದ ಕಾಳಜಿ ಅದರಲ್ಲಿ ಉಂಟು. ಅದು ಕಸಿದುಕೊಂಡದ್ದು ಬೇರೊಂದನ್ನು. ಪಾಲುಳ್ಳವನು ಮನೆಯ ವ್ಯವಹಾರದಲ್ಲಿ ಮಾತನಾಡಬಲ್ಲನು, ಬೇಡವೆನ್ನಬಲ್ಲನು, ತನ್ನ ಅಂಶವನ್ನು ತನಗೆ ತೋಚಿದಂತೆ ವಿನಿಯೋಗಿಸಿ ಲಾಭನಷ್ಟಗಳೆರಡನ್ನೂ ಅನುಭವಿಸಬಲ್ಲನು. ಪೋಷಣೆಯನ್ನು ಮಾತ್ರ ಪಡೆಯುವವನಾದರೋ ಕೊಟ್ಟದ್ದನ್ನು ಉಂಡು, ಕೊಟ್ಟವರ ಮುಖವನ್ನು ನೋಡಿಕೊಂಡು ಬಾಳಬೇಕು. ಈ ನಿಷೇಧವನ್ನು 1928ರ ಕಾಯಿದೆಯೊಂದು ಬಹುಮಟ್ಟಿಗೆ ತೆಗೆದುಹಾಕಿತು. ಹುಟ್ಟಿನಿಂದಲೇ ಬುದ್ಧಿವಿಕಲರಾದವರನ್ನು ಮಾತ್ರ ಅದು ಹೊರಗೇ ಉಳಿಸಿತ್ತು. ಕೊನೆಗೆ 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ 28ನೆಯ ಪ್ರಕರಣವು ವ್ಯಾಧಿ, ದೋಷ, ವೈಕಲ್ಯ ಇವುಗಳ ನಿಮಿತ್ತವಾಗಿ ಯಾರೂ ವಾರಸುದಾರಿಕೆಗೆ ಅನರ್ಹರಾಗಲಾರರೆಂದು ವಿಧಿಸಿ ಆ ಅಧ್ಯಾಯವನ್ನು ಮುಗಿಸಿತು. ಹೊಲಮನೆಗಳ ಮಟ್ಟಿಗೆ ಅದು ಮುಗಿದಿದೆ. ಆದರೆ ನಮ್ಮ ಬೀದಿ, ಶಾಲೆ, ಕಚೇರಿ, ಮದುವೆಮನೆ, ಮಾತುಕತೆ ಇವುಗಳಲ್ಲಿ ಹಳೆಯ ವಿಧಿಯೇ ಇನ್ನೂ ನಡೆದುಬರುತ್ತಿದೆ. ಅಂಗವೈಕಲ್ಯವುಳ್ಳವರಿಗೆ ಸಹಾಯ ಮಾಡಲು ನಮ್ಮಲ್ಲಿ ಅನೇಕರು ಸಿದ್ಧರು. ಅವರನ್ನು ಪಾಲುಗಾರರೆಂದು ಎಣಿಸಲು ಸಿದ್ಧರಾದವರು ವಿರಳ. ಈ ಲೇಖನದ ಅಭಿಪ್ರಾಯವೆಲ್ಲ ಇಷ್ಟರಲ್ಲಿಯೇ ಅಡಗಿದೆ.

ಮಾತುಕತೆಯಿಂದಲೇ ಆರಂಭಿಸೋಣ. ಮೂವತ್ತು ನಲವತ್ತು ವರ್ಷ ವಯಸ್ಸಿನ ವ್ಯಕ್ತಿಯೊಬ್ಬರು ಗಾಲಿಕುರ್ಚಿಯಲ್ಲಿ ಕುಳಿತು ಬ್ಯಾಂಕಿಗೋ ಆಸ್ಪತ್ರೆಗೋ ಬಂದರೆಂದಿಟ್ಟುಕೊಳ್ಳಿ. ಮೇಜಿನ ಆಚೆ ಕುಳಿತವರು ಅವರನ್ನು ಬಿಟ್ಟು, ಹಿಂದೆ ನಿಂತ ತಮ್ಮನನ್ನೋ ಹೆಂಡತಿಯನ್ನೋ ನೋಡಿ, “ಇವರಿಗೆ ಏನಾಗಬೇಕು?” ಎಂದು ಕೇಳುತ್ತಾರೆ. ಕೇಳಿದವರ ಮನಸ್ಸಿನಲ್ಲಿ ಕೆಡುಕಿಲ್ಲ. ಬಹುಶಃ ತೊಂದರೆ ಕೊಡಬಾರದೆಂಬ ಸದ್ಭಾವವೇ ಇದ್ದೀತು. ಆದರೆ ಆ ಪ್ರಶ್ನೆಯಿಂದ ಎದುರಿಗಿರುವವರು ಸಭೆಯಿಂದ ಹೊರಗಾಗುತ್ತಾರೆ, ತಮ್ಮ ಖಾತೆಯ, ತಮ್ಮ ದೇಹದ, ತಮ್ಮ ನೋವಿನ ವಿಷಯದಲ್ಲಿಯೇ ಮೂರನೆಯವರಾಗುತ್ತಾರೆ. ಮಾತು ತೊದಲುವವರ ವಾಕ್ಯವನ್ನು ನಾವೇ ಪೂರ್ತಿಗೊಳಿಸುವುದೂ ಇದೇ ಜಾತಿಯ ಅಪಚಾರ. ಸೆರೆಬ್ರಲ್ ಪಾಲ್ಸಿಯುಳ್ಳ ಅನೇಕರ ನಾಲಗೆ ಮತ್ತು ಕೈಕಾಲುಗಳು ಅವರ ಇಚ್ಛೆಗೆ ಒಡನೆ ಮಣಿಯುವುದಿಲ್ಲ. ಬುದ್ಧಿಯು ಮಾತ್ರ ತೀಕ್ಷ್ಣವಾಗಿಯೇ ಇರಬಹುದು. ಒಂದು ವಾಕ್ಯವನ್ನು ಮುಗಿಸಲು ಅವರಿಗೆ ಬೇಕಾಗುವ ಕಾಲವನ್ನು ಕೊಡುವುದು, ತಿಳಿಯದಿದ್ದರೆ ತಿಳಿದಂತೆ ತಲೆಯಾಡಿಸದೆ “ಇನ್ನೊಮ್ಮೆ ಹೇಳುವಿರಾ?” ಎಂದು ಕೇಳುವುದು: ಇವಕ್ಕೆ ಹಣ ಬೇಕಿಲ್ಲ, ಕಾಯಿದೆ ಬೇಕಿಲ್ಲ.

ಅಂಥ ಅಪಚಾರವು ಎಷ್ಟು ದೂರ ಹೋಗಬಲ್ಲುದೆಂಬುದಕ್ಕೆ ನಮ್ಮ ಸರ್ವೋಚ್ಚ ನ್ಯಾಯಾಲಯದ ದಾಖಲೆಯಲ್ಲಿಯೇ ನಿದರ್ಶನವಿದೆ. 2012ರ ಫೆಬ್ರವರಿಯಲ್ಲಿ ಜೀಜಾ ಘೋಷ್ ಎಂಬವರು ಕೋಲ್ಕತ್ತದಿಂದ ಗೋವೆಗೆ ಸಮ್ಮೇಳನವೊಂದರ ಸಲುವಾಗಿ ಹೊರಟು ವಿಮಾನವನ್ನೇರಿ ತಮ್ಮ ಆಸನದಲ್ಲಿ ಕುಳಿತಿದ್ದರು. ಅವರಿಗೆ ಸೆರೆಬ್ರಲ್ ಪಾಲ್ಸಿಯುಂಟು. ಅಂಗವೈಕಲ್ಯವುಳ್ಳವರ ಹಕ್ಕುಗಳಿಗಾಗಿ ದುಡಿಯುತ್ತ ಬಂದ ವಿದ್ಯಾವಂತೆ ಅವರು. ವಿಮಾನದ ಸಿಬ್ಬಂದಿಯು ಅವರ ದೇಹಸ್ಥಿತಿಯನ್ನು ಕಂಡು, ಅವರ ಮಾತಿಗೆ ಬೆಲೆಗೊಡದೆ, ಅವರನ್ನು ಕೆಳಗಿಳಿಸಿತು. 2016ರ ಮೇ ತಿಂಗಳಿನಲ್ಲಿ ನ್ಯಾಯಾಲಯವು ಅವರಿಗೆ 10 ಲಕ್ಷ ರೂಪಾಯಿಗಳ ಪರಿಹಾರವನ್ನು ವಿಧಿಸಿತು. ಹಣಕ್ಕಿಂತ ಮಿಗಿಲಾದದ್ದು ಆ ತೀರ್ಪಿನ ಧೋರಣೆ: ಅಂಗವೈಕಲ್ಯವುಳ್ಳವರಿಗೆ ಸಲ್ಲಬೇಕಾದುದನ್ನು ದಯೆಯ ಲೆಕ್ಕದಲ್ಲಿ ಬರೆಯಲಾಗದು, ಮಾನವಘನತೆಯ ಹಕ್ಕಿನ ಲೆಕ್ಕದಲ್ಲಿಯೇ ಬರೆಯಬೇಕೆಂದು ಅದು ನಿಸ್ಸಂದಿಗ್ಧವಾಗಿ ಸಾರಿತು.

ಸಹಾಯ ಮಾಡುವ ರೀತಿಯ ವಿಷಯವಾಗಿಯೂ ಕೊಂಚ ಹೇಳಬೇಕು. ರಸ್ತೆಯ ಅಂಚಿನಲ್ಲಿ ಬಿಳಿಯ ಕೋಲನ್ನು ಹಿಡಿದು ನಿಂತ ಅಂಧರೊಬ್ಬರನ್ನು ಕಂಡ ಕೂಡಲೇ ಕೋಲನ್ನಾಗಲಿ ಕೈಯನ್ನಾಗಲಿ ಹಿಡಿದು ಎಳೆದುಕೊಂಡು ಹೋಗುವ ದಯಾಳುಗಳು ನಮ್ಮ ಊರುಗಳಲ್ಲಿ ಬಹಳ. ಆ ಕೋಲು ಅವರಿಗೆ ಆಧಾರದ ಊರುಗೋಲಾಗಿರದೆ ನೆಲವನ್ನು ಓದುವ ಸಾಧನವಾಗಿರುತ್ತದೆ; ಅದನ್ನು ಹಿಡಿದವನು ಅವರಿಗೆ ದಾರಿಯನ್ನೇ ಮರೆಮಾಡುತ್ತಾನೆ. ಅವರು ರಸ್ತೆಯನ್ನು ದಾಟಲು ನಿಂತಿದ್ದಾರೆಯೋ ಬಸ್ಸಿಗಾಗಿ ಕಾಯುತ್ತಿದ್ದಾರೆಯೋ ಎಂಬುದನ್ನು ಮೊದಲು ಕೇಳತಕ್ಕದ್ದು. ಬೇಕೆಂದರೆ ನಮ್ಮ ಮೊಳಕೈಯನ್ನು ಅವರಿಗೆ ಒಡ್ಡಿದರೆ ಸಾಕು. ಅವರು ಅದನ್ನು ಹಿಡಿದು ಅರ್ಧ ಹೆಜ್ಜೆ ಹಿಂದೆ ನಡೆಯುತ್ತ, ನಮ್ಮ ದೇಹವು ಏರುವುದನ್ನೂ ಇಳಿಯುವುದನ್ನೂ ತಿರುಗುವುದನ್ನೂ ತಾವೇ ಅರಿತುಕೊಳ್ಳುತ್ತಾರೆ. ಬೇಡವೆಂದರೆ ಅದನ್ನು ಅವಮಾನವೆಂದು ಭಾವಿಸದೆ ನಮ್ಮ ದಾರಿಯನ್ನು ಹಿಡಿಯಬೇಕು. ಕೋಣೆಯನ್ನು ಪ್ರವೇಶಿಸಿದಾಗ ನಮ್ಮ ಹೆಸರನ್ನು ಹೇಳುವುದು, ಹೊರಡುವಾಗ ಹೊರಡುತ್ತೇನೆಂದು ತಿಳಿಸುವುದು, ಹತ್ತು ವರ್ಷಗಳ ಮೇಲೆ ಭೇಟಿಯಾದಾಗ “ನಾನು ಯಾರು ಹೇಳಿ ನೋಡೋಣ” ಎಂದು ಪರೀಕ್ಷಿಸದಿರುವುದು, ಇವೆಲ್ಲ ಅದೇ ಸೌಜನ್ಯದ ಅಂಗಗಳು. ಗಾಲಿಕುರ್ಚಿಯು ಅದರಲ್ಲಿ ಕುಳಿತವರ ದೇಹದ ಒಂದು ಭಾಗವೆಂದೇ ತಿಳಿದು, ಅವರ ಅನುಮತಿಯಿಲ್ಲದೆ ಅದನ್ನು ತಳ್ಳದೆ ಒರಗದೆ ಇದ್ದರೆ, ದೀರ್ಘ ಸಂಭಾಷಣೆಯಲ್ಲಿ ನಾವೂ ಕುಳಿತು ಕಣ್ಣಿಗೆ ಕಣ್ಣು ಸಮನಾಗುವಂತೆ ಮಾತನಾಡಿದರೆ, ಅವರ ಕತ್ತಿನ ನೋವೂ ನಮ್ಮ ನಡುವಿನ ಅಂತರವೂ ಒಟ್ಟಿಗೆ ಕಡಮೆಯಾಗುವುವು.

ಈ ವಿಷಯದಲ್ಲಿ ನಮಗೆ ಗುರುವಾಗಬಲ್ಲ ಊರೊಂದು ನಮ್ಮ ನಾಡಿನಲ್ಲಿಯೇ ಇದೆ. ಚಿಕ್ಕಬಳ್ಳಾಪುರ ಜಿಲ್ಲೆಯ ಗೌರಿಬಿದನೂರು ತಾಲ್ಲೂಕಿನ ಅಲೀಪುರವು ಬಹುಸಂಖ್ಯೆಯಲ್ಲಿ ಷಿಯಾ ಮುಸಲ್ಮಾನರು ವಾಸಿಸುವ ದೊಡ್ಡ ಗ್ರಾಮ. ಸಂಬಂಧಗಳು ಬಹುಕಾಲದಿಂದ ಒಳಬಳಗದಲ್ಲಿಯೇ ಕೂಡುತ್ತ ಬಂದುದರಿಂದ ಅಲ್ಲಿ ಆನುವಂಶಿಕವಾದ ಕಿವುಡುತನವು ಇತರ ಊರುಗಳಿಗಿಂತ ಹೆಚ್ಚು. ಭಾಷಾವಿಜ್ಞಾನಿ ಸಿಬಾಜಿ ಪಂಡಾ ಅವರು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸುಮಾರು ಹತ್ತು ಸಾವಿರ ಜನರಿದ್ದ ಆ ಊರಿನಲ್ಲಿ ನೂರೈವತ್ತಕ್ಕೂ ಮಿಕ್ಕು ಕಿವುಡರನ್ನು ಗುರುತಿಸಿದ್ದಾರೆ. ಆದರೆ ಭಾಷಾವಿದರನ್ನು ಅಲ್ಲಿಗೆ ಸೆಳೆದದ್ದು ಕಿವುಡುತನಕ್ಕಿಂತ ಮಿಗಿಲಾದ ಒಂದು ವಿಶೇಷ. ಯಾವ ಶಾಲೆಯೂ ಕಲಿಸದೆ, ಯಾವ ಸರ್ಕಾರವೂ ಆಜ್ಞಾಪಿಸದೆ, ಆ ಊರಿನಲ್ಲಿ ಒಂದು ಸಂಜ್ಞಾಭಾಷೆಯು ತಾನಾಗಿ ಬೆಳೆದು ನಿಂತಿದೆ. ಮತ್ತು ಅದನ್ನು ಬಲ್ಲವರು ಕಿವುಡರು ಮಾತ್ರವೇ ಅಲ್ಲ, ಕಿವಿ ಕೇಳುವವರಲ್ಲಿಯೂ ಅನೇಕರು ಹೆಚ್ಚುಕಡಮೆಯಾಗಿ ಅದನ್ನು ಬಳಸಬಲ್ಲರು. ಆ ಊರಿನ ಹೊರಗೆ ಕಿವುಡನಾದವನು ಇತರರ ತುಟಿಗಳನ್ನು ನೋಡಿ ನೋಡಿ ದಣಿಯಬೇಕು, ಅರ್ಧವನ್ನು ಊಹಿಸಬೇಕು, ಊಹೆ ತಪ್ಪಿದರೆ ಮಂದಬುದ್ಧಿಯವನೆಂಬ ಹೆಸರನ್ನು ಹೊರಬೇಕು; ಅಂದರೆ ಸಂಭಾಷಣೆಯ ಶ್ರಮವೆಲ್ಲವೂ ಅವನೊಬ್ಬನ ಮೇಲೆಯೇ ಬೀಳುತ್ತದೆ. ಅಲೀಪುರದಲ್ಲಿ ಆ ಶ್ರಮವನ್ನು ಊರು ಹಂಚಿಕೊಂಡಿದೆ.

ಅಲೀಪುರವನ್ನು ಸ್ವರ್ಗವೆಂದು ಬಣ್ಣಿಸುವುದು ನನ್ನ ಉದ್ದೇಶವಲ್ಲ. ಅಲ್ಲಿಯೂ ಎಲ್ಲ ಕೇಳುವವರೂ ಸಂಜ್ಞೆಯಲ್ಲಿ ನಿಪುಣರಲ್ಲ. ನಗರಗಳ ಕಿವುಡರ ಶಾಲೆಗಳಲ್ಲಿ ಓದಿ ಬಂದ ಎಳೆಯರು ಭಾರತೀಯ ಸಂಜ್ಞಾಭಾಷೆಯನ್ನು ತಂದುದರಿಂದ ಊರಿನ ಹಳೆಯ ಸಂಜ್ಞೆಗಳು ಹಿಂದೆ ಸರಿಯುತ್ತಿರುವುದನ್ನೂ ಸಂಶೋಧಕರು ಗುರುತಿಸಿದ್ದಾರೆ. ಆದರೂ ಕೇಳಿಸದಿರುವುದು ಒಂದು ಸಂಗತಿ, ಅದರಿಂದ ಒಂಟಿಯಾಗುವುದು ಇನ್ನೊಂದು ಸಂಗತಿಯೆಂಬುದನ್ನು ಆ ಊರು ಪ್ರತ್ಯಕ್ಷವಾಗಿ ತೋರಿಸಿಕೊಟ್ಟಿದೆ. ಮೊದಲನೆಯದು ದೇಹದಿಂದ ಬಂದದ್ದು, ಎರಡನೆಯದು ನಮ್ಮಿಂದ ಬಂದದ್ದು. ಲೋಕದ ಅಂಗವೈಕಲ್ಯ ಚಿಂತಕರು ಕಳೆದ ಅರ್ಧ ಶತಮಾನದಲ್ಲಿ ಗ್ರಂಥಗಳನ್ನು ಬರೆದು ಪ್ರತಿಪಾದಿಸಿದ ತತ್ತ್ವವೂ, 2006ರಲ್ಲಿ ವಿಶ್ವಸಂಸ್ಥೆಯು ಅಂಗೀಕರಿಸಿ 2007ರಲ್ಲಿ ಭಾರತವು ಅನುಮೋದಿಸಿದ ಅಂತಾರಾಷ್ಟ್ರೀಯ ಒಡಂಬಡಿಕೆಯ ತಿರುಳೂ ಇದೇ.

ಸಂಜ್ಞಾಭಾಷೆಯನ್ನು ಕೈಬಾಯಿ ಸನ್ನೆಯೆಂದು ಹಗುರವಾಗಿ ಕಾಣುವ ವಾಡಿಕೆ ನಮ್ಮಲ್ಲಿ ಇನ್ನೂ ಹೋಗಿಲ್ಲ. ಅದು ಕನ್ನಡವನ್ನೋ ಹಿಂದಿಯನ್ನೋ ಬೆರಳುಗಳಿಗೆ ಇಳಿಸಿದ್ದೆಂದು ಭಾವಿಸುವವರೂ ಬಹಳ. ವಸ್ತುತಃ ಅದಕ್ಕೆ ತನ್ನದೇ ವ್ಯಾಕರಣವುಂಟು, ಪದಕ್ರಮವುಂಟು, ಮುಖಭಾವ, ಹುಬ್ಬಿನ ಏರಿಳಿತ, ದೇಹದ ಮುಂದಿನ ಅವಕಾಶದಲ್ಲಿ ಕೈಯ ಸ್ಥಾನ ಇವೆಲ್ಲಕ್ಕೂ ಅರ್ಥನಿಯಮಗಳುಂಟು. 1880ರಲ್ಲಿ ಇಟಲಿಯ ಮಿಲಾನ್ ನಗರದಲ್ಲಿ ಕಿವುಡರ ಶಿಕ್ಷಣದ ವಿಚಾರವಾಗಿ ಸೇರಿದ ಸಮ್ಮೇಳನವೊಂದು ಶಾಲೆಗಳಲ್ಲಿ ಬಾಯಿಮಾತೇ ಶ್ರೇಷ್ಠ, ಸಂಜ್ಞೆಯು ತ್ಯಾಜ್ಯವೆಂದು ನಿರ್ಣಯಿಸಿತು. ಆ ಸಭೆಯ ಪ್ರತಿನಿಧಿಗಳಲ್ಲಿ ಹೆಚ್ಚುಕಡಮೆ ಎಲ್ಲರೂ ಕೇಳಬಲ್ಲವರೇ ಆಗಿದ್ದರು. ಅದರ ಪರಿಣಾಮವಾಗಿ ದೇಶದೇಶಗಳಲ್ಲಿ ಕಿವುಡ ಮಕ್ಕಳ ಕೈಗಳನ್ನು ಕಟ್ಟಿಹಾಕಿದಂತಾಯಿತು. ತಮಗೆ ಸಹಜವಾಗಿ ಒದಗಿದ್ದ ಭಾಷೆಯಲ್ಲಿ ಪಾಠ ಕೇಳುವ ಭಾಗ್ಯ ಎಷ್ಟೋ ತಲೆಮಾರುಗಳಿಗೆ ತಪ್ಪಿತು. ಅದೇ ಸಮ್ಮೇಳನದ ಪರಂಪರೆಯವರು ಕೆನಡಾದ ವ್ಯಾಂಕೂವರಿನಲ್ಲಿ ಸೇರಿ, ಆ ನಿರ್ಣಯಗಳನ್ನು ತಿರಸ್ಕರಿಸಿ ವಿಷಾದವನ್ನು ಸೂಚಿಸಿದ್ದು 2010ರಲ್ಲಿ, ಅಂದರೆ 130 ವರ್ಷಗಳ ತರುವಾಯ. ಯಾರ ಜೀವನದ ವಿಷಯವನ್ನು ನಿರ್ಣಯಿಸುತ್ತೇವೆಯೋ ಅವರು ಸಭೆಯಲ್ಲಿ ಇಲ್ಲದೆ ಹೋದರೆ ಏನಾಗುವುದೆಂಬುದಕ್ಕೆ ಇದಕ್ಕಿಂತ ದೊಡ್ಡ ದೃಷ್ಟಾಂತವನ್ನು ನಾನರಿಯೆ. ಈಗ ದೆಹಲಿಯಲ್ಲಿ ಭಾರತೀಯ ಸಂಜ್ಞಾಭಾಷೆಯ ಸಂಶೋಧನೆಗೂ ತರಬೇತಿಗೂ 2015ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಕೇಂದ್ರವೊಂದಿದೆ. ನಮ್ಮ ಮೈಸೂರಿನಲ್ಲಿ 1965ರಿಂದಲೂ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ಮಾನಸಗಂಗೋತ್ರಿಯ ಆವರಣದಲ್ಲಿ ಶಿಶುಗಳ ಶ್ರವಣದೋಷವನ್ನು ಎಳವೆಯಲ್ಲಿಯೇ ಗುರುತಿಸುವ, ಮಾತಿನ ತೊಡಕುಗಳಿಗೆ ಚಿಕಿತ್ಸೆ ನೀಡುವ ಕೆಲಸವನ್ನು ಮಾಡುತ್ತ ಬಂದಿದೆ.

ಅಲೀಪುರದಿಂದ ಗದಗಿಗೆ ಬರೋಣ. ಹಾನಗಲ್ಲ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟಿದ ಅಂಧ ಬಾಲಕನೊಬ್ಬನ ಕಂಠವನ್ನು ಕೇಳಿ ಹಾನಗಲ್ಲ ಕುಮಾರಸ್ವಾಮಿಗಳು ಅವನಿಗೆ ಸಂಗೀತಶಿಕ್ಷಣದ ಏರ್ಪಾಡು ಮಾಡಿದರು. ಊಟಕ್ಕೆ ಮಠದಲ್ಲಿ ಕೊರತೆಯಿರಲಿಲ್ಲ. ಅಷ್ಟಕ್ಕೇ ನಿಲ್ಲಿಸಿದ್ದರೆ ಅದು ಪೋಷಣೆಯಾಗುತ್ತಿತ್ತು. ಅವರು ವಿದ್ಯೆಯನ್ನು ಕೊಡಿಸಿದರು. ಆ ಬಾಲಕನೇ ಪಂಚಾಕ್ಷರ ಗವಾಯಿಗಳಾಗಿ, ಕರ್ನಾಟಕ ಹಿಂದುಸ್ತಾನಿ ಪದ್ಧತಿಗಳೆರಡರಲ್ಲಿಯೂ ಪರಿಣತರಾಗಿ, ಊರಿಂದೂರಿಗೆ ಸಂಚರಿಸುವ ಸಂಗೀತಶಾಲೆಯನ್ನು ನಡೆಯಿಸಿ, ಕೊನೆಗೆ ಗದಗಿನಲ್ಲಿ ವೀರೇಶ್ವರ ಪುಣ್ಯಾಶ್ರಮವನ್ನು ನೆಲೆಗೊಳಿಸಿದರು. 1944ರಲ್ಲಿ ಅವರು ಲಿಂಗೈಕ್ಯರಾದ ಮೇಲೆ ಆಶ್ರಮದ ಭಾರವನ್ನು ಹೊತ್ತ ಪುಟ್ಟರಾಜ ಗವಾಯಿಗಳು ಶೈಶವದಲ್ಲಿಯೇ ದೃಷ್ಟಿಯನ್ನು ಕಳೆದುಕೊಂಡವರು; ಹಾವೇರಿ ತಾಲ್ಲೂಕಿನ ದೇವಗಿರಿಯಲ್ಲಿ 1914ರಲ್ಲಿ ಜನಿಸಿ 2010ರಲ್ಲಿ ದೇಹವಿಟ್ಟ ಅವರು ಗಾಯನವಲ್ಲದೆ ಅನೇಕ ವಾದ್ಯಗಳಲ್ಲಿ ನಿಷ್ಣಾತರಾಗಿದ್ದರು, ಕನ್ನಡ ಸಂಸ್ಕೃತ ಹಿಂದಿಗಳಲ್ಲಿ ಗ್ರಂಥಗಳನ್ನು ರಚಿಸಿದರು, ಪದ್ಮಭೂಷಣ ಪ್ರಶಸ್ತಿಗೆ ಪಾತ್ರರಾದರು.

ಈ ಮಹನೀಯರನ್ನು ನಾವು ಸ್ಮರಿಸುವಾಗ ಆಶ್ರಮವು ಅನಾಥರಿಗೂ ಅಂಧರಿಗೂ ಆಶ್ರಯ ಕೊಟ್ಟಿತೆಂಬುದನ್ನೇ ಮುಖ್ಯವಾಗಿ ಹೇಳುತ್ತೇವೆ. ನನ್ನ ಗಮನವನ್ನು ಹೆಚ್ಚಾಗಿ ಸೆಳೆಯುವುದು ಬೇರೊಂದು ಅಂಶ. ಕಿರಾನಾ, ಗ್ವಾಲಿಯರ್, ಪಟಿಯಾಲಾ ಶೈಲಿಗಳನ್ನು ಮೇಳವಿಸಿ ಭಾರತದಾದ್ಯಂತ ಕೀರ್ತಿಯನ್ನು ಪಡೆದ ಧಾರವಾಡದ ಬಸವರಾಜ ರಾಜಗುರುಗಳು ಕಣ್ಣುಳ್ಳವರಾಗಿದ್ದು, ಎಳವೆಯಲ್ಲಿ ಪಂಚಾಕ್ಷರ ಗವಾಯಿಗಳ ಬಳಿಯಲ್ಲಿ ಕಲಿತರು. ಕಾಣಬಲ್ಲವನು ಶಿಷ್ಯ, ಕಾಣದವರು ಗುರು. ಇಲ್ಲಿ ಕೊಟ್ಟವರಾರು, ಕೊಂಡವರಾರು? ಉತ್ತರ ಕರ್ನಾಟಕದ ಸಂಗೀತವು ಆ ಆಶ್ರಮಕ್ಕೆ ಏನನ್ನಾದರೂ ದಾನ ಮಾಡಿತೆಂದು ಹೇಳುವುದು ವಿಚಿತ್ರವಾಗಿ ಕೇಳೀತು, ಏಕೆಂದರೆ ಆ ಸಂಗೀತದ ಒಂದು ಧಾರೆಯೇ ಅಲ್ಲಿಂದ ಹೊರಟಿತು.

ಹೀಗಿದ್ದರೂ ಈ ಉಜ್ವಲ ಪರಂಪರೆಯಿಂದ ನಾವು ಒಂದು ತಪ್ಪು ಪಾಠವನ್ನೂ ಕಲಿತಿದ್ದೇವೆ. ಕಣ್ಣಿಲ್ಲದ ಮಗುವೆಂದರೆ ಸಂಗೀತವೆಂದೇ ನಿಶ್ಚಯಿಸುವ ರೂಢಿ ಬೆಳೆಯಿತು. ಆ ಮಗುವಿಗೆ ಗಣಿತದಲ್ಲಿ ಒಲವಿರಬಹುದು, ವ್ಯಾಪಾರದಲ್ಲಿ ಚಾತುರ್ಯವಿರಬಹುದು, ರಾಗತಾಳಗಳಲ್ಲಿ ಏನೇನೂ ಆಸಕ್ತಿಯಿಲ್ಲದೆಯೂ ಇರಬಹುದು ಎಂಬ ಯೋಚನೆ ಬರಲಿಲ್ಲ. ಹಾಗೆಯೇ ಹಾಸನದಲ್ಲಿ ಹುಟ್ಟಿ, ಸುರತ್ಕಲ್ಲಿನಲ್ಲಿ ಓದಿ, ಉತ್ತರ ಪ್ರದೇಶದಲ್ಲಿ ಐಎಎಸ್ ಅಧಿಕಾರಿಯಾಗಿದ್ದುಕೊಂಡೇ ಟೋಕಿಯೋ ಮತ್ತು ಪ್ಯಾರಿಸ್ ಪ್ಯಾರಾಲಿಂಪಿಕ್ ಕ್ರೀಡೆಗಳೆರಡರಲ್ಲಿಯೂ ಬ್ಯಾಡ್ಮಿಂಟನ್ನಿನಲ್ಲಿ ಬೆಳ್ಳಿಯ ಪದಕವನ್ನು ಗೆದ್ದ ಸುಹಾಸ್ ಯತಿರಾಜ್ ಅವರನ್ನೂ, 2012ರಲ್ಲಿ ಲಂಡನ್ನಿನಲ್ಲಿ ಎತ್ತರ ಜಿಗಿತದಲ್ಲಿ ಬೆಳ್ಳಿಯನ್ನು ತಂದ ಹಾಸನ ಜಿಲ್ಲೆಯವರೇ ಆದ ಎಚ್. ಎನ್. ಗಿರೀಶ ಅವರನ್ನೂ ನಾವು ಹೆಮ್ಮೆಯಿಂದ ಕೊಂಡಾಡುತ್ತೇವೆ, ಕೊಂಡಾಡಬೇಕಾದದ್ದೇ. ಆದರೆ ಅಂಗವೈಕಲ್ಯವುಳ್ಳ ಗುಮಾಸ್ತನೊಬ್ಬನು ಸಾಧಾರಣ ಗುಮಾಸ್ತನಾಗಿಯೇ ಬಾಳಲು, ಸಾಧಾರಣವಾಗಿ ಸಂಸಾರ ಹೂಡಲು, ಒಮ್ಮೊಮ್ಮೆ ತಪ್ಪಲು, ಸೋಲಲು ಸಹ ಹಕ್ಕುಳ್ಳವನು. ಅದ್ಭುತವಾದದ್ದೊಂದನ್ನು ಸಾಧಿಸಿದ ಮೇಲೆಯೇ ಗೌರವವೆಂಬ ಪಣವನ್ನು ನಾವು ಇತರರ ಮುಂದೆ ಒಡ್ಡುವುದಿಲ್ಲ. ಇವರ ಮುಂದೆ ಏಕೆ ಒಡ್ಡಬೇಕು?

2011ರ ಜನಗಣತಿಯಂತೆ ಭಾರತದಲ್ಲಿ ಅಂಗವೈಕಲ್ಯವುಳ್ಳವರು 2.68 ಕೋಟಿ ಜನ. ಕರ್ನಾಟಕದಲ್ಲಿ 13 ಲಕ್ಷ 24 ಸಾವಿರಕ್ಕೂ ಮಿಕ್ಕು. ಆ ಗಣತಿಯು ಎಂಟು ಬಗೆಗಳನ್ನು ಮಾತ್ರ ಎಣಿಸಿತ್ತು. 1995ರ ಕಾಯಿದೆಯ ಬದಲಿಗೆ ಬಂದು 2017ರ ಏಪ್ರಿಲ್‌ನಲ್ಲಿ ಜಾರಿಯಾದ 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯಿದೆಯು 21 ಬಗೆಗಳನ್ನು ಹೆಸರಿಸುತ್ತದೆ. ಆಟಿಸಂ, ಮಾನಸಿಕ ಅಸ್ವಾಸ್ಥ್ಯ, ಕಲಿಕೆಯ ನಿರ್ದಿಷ್ಟ ತೊಡಕು, ಪಾರ್ಕಿನ್ಸನ್ ಕಾಯಿಲೆ, ಹಿಮೋಫೀಲಿಯಾ, ಆಸಿಡ್ ದಾಳಿಯಿಂದಾದ ವೈಕಲ್ಯ ಇವೆಲ್ಲ ಅದರಲ್ಲಿ ಸೇರಿವೆ. ಇವುಗಳಲ್ಲಿ ಎಷ್ಟೋ ಕಣ್ಣಿಗೆ ಕಾಣುವಂಥವಲ್ಲ. ಬಸ್ಸಿನ ಮೀಸಲು ಆಸನದಲ್ಲಿ ಕುಳಿತ ದೃಢಕಾಯನೊಬ್ಬನನ್ನು ನೋಡಿ “ಇವನಿಗೇನು ಧಾಡಿ?” ಎಂದು ಗೊಣಗುವ ಮುನ್ನ ಈ ಸಂಗತಿ ನೆನಪಿಗೆ ಬಂದರೆ ಒಳ್ಳೆಯದು. ಬುದ್ಧಿಬೆಳವಣಿಗೆ ನಿಧಾನವಾಗಿರುವ ವಯಸ್ಕರೊಡನೆ ಮಕ್ಕಳ ಧ್ವನಿಯಲ್ಲಿ ಮಾತನಾಡುವುದೂ ಅಷ್ಟೇ ಅನುಚಿತ. ಚಿಕ್ಕ ವಾಕ್ಯಗಳು ಅವರಿಗೆ ಬೇಕು, ಚಿಕ್ಕತನ ಬೇಡ.

ಉದ್ಯೋಗದ ವಿಚಾರಕ್ಕೆ ಬಂದರೆ, ಹೊಸ ಕಾಯಿದೆಯು ಸರ್ಕಾರಿ ಹುದ್ದೆಗಳ ಮೀಸಲನ್ನು ಶೇಕಡಾ 3ರಿಂದ 4ಕ್ಕೆ ಏರಿಸಿದ್ದನ್ನು ಎಲ್ಲರೂ ಬಲ್ಲರು. ಅದಕ್ಕಿಂತ ಆಳವಾದ ಎರಡು ವಿಧಿಗಳು ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ. ಮೊದಲನೆಯದು 20ನೆಯ ಪ್ರಕರಣದಲ್ಲಿದೆ. ಸರ್ಕಾರಿ ನೌಕರನೊಬ್ಬನು ಸೇವೆಯಲ್ಲಿರುವಾಗ ಅಪಘಾತದಿಂದಲೋ ವ್ಯಾಧಿಯಿಂದಲೋ ಅಂಗವೈಕಲ್ಯಕ್ಕೆ ಒಳಗಾದರೆ ಅವನನ್ನು ಕೆಲಸದಿಂದ ತೆಗೆಯುವಂತಿಲ್ಲ, ದರ್ಜೆಯನ್ನು ಇಳಿಸುವಂತಿಲ್ಲ. ಹಳೆಯ ಕೆಲಸ ಸಾಗದಿದ್ದರೆ ಅದೇ ವೇತನಶ್ರೇಣಿಯ ಬೇರೊಂದು ಹುದ್ದೆಯನ್ನು ಕೊಡಬೇಕು. ಅಂಥ ಹುದ್ದೆ ಖಾಲಿಯಿಲ್ಲದಿದ್ದರೆ, ದೊರೆಯುವವರೆಗೆ ಅಥವಾ ನಿವೃತ್ತಿಯಾಗುವವರೆಗೆ, ಹೆಚ್ಚುವರಿ ಹುದ್ದೆಯಲ್ಲಿ ಇರಿಸಿಕೊಳ್ಳಬೇಕು. ಕಾಲು ಕಳೆದುಕೊಂಡ ಚಾಲಕರೋ ದೃಷ್ಟಿ ಮಂದವಾದ ಶಿಕ್ಷಕರೋ ಈ ವಿಧಿಯನ್ನರಿಯದೆ ತಾವೇ ರಾಜೀನಾಮೆಯನ್ನು ಬರೆದುಕೊಡುವಂತಾಗಬಾರದು.

ಎರಡನೆಯದು ಯುಕ್ತವಾದ ಹೊಂದಾಣಿಕೆಯ ತತ್ತ್ವ. ಅಂಗವೈಕಲ್ಯವುಳ್ಳವರು ಇತರರಿಗೆ ಸಮನಾಗಿ ತಮ್ಮ ಹಕ್ಕನ್ನು ಅನುಭವಿಸಲು ಅವಶ್ಯವಾದ ಮಾರ್ಪಾಟುಗಳನ್ನು, ಅವು ಮಿತಿಮೀರಿದ ಹೊರೆಯಾಗದಿರುವಷ್ಟು ಮಟ್ಟಿಗೆ, ಸಂಸ್ಥೆಯು ಮಾಡಿಕೊಡಬೇಕೆಂಬುದು ಇದರ ಸಾರ. ಇದನ್ನು ಕೇಳಿದೊಡನೆ ವಿಶೇಷ ರಿಯಾಯಿತಿಯೆಂದು ಕೆಲವು ಅಧಿಕಾರಿಗಳು ಹುಬ್ಬುಗಂಟಿಕ್ಕುವುದುಂಟು. ಒಂದು ಕಚೇರಿಯನ್ನು ಶಾಂತವಾಗಿ ನೋಡಿರಿ. ಕತ್ತಲಲ್ಲಿ ಓದಲಾರದವರಿಗಾಗಿ ದೀಪಗಳನ್ನು ಹಾಕಿದೆ, ಅದರ ವಿದ್ಯುತ್ತಿನ ವೆಚ್ಚವನ್ನು ಸಂಸ್ಥೆಯು ಭರಿಸುತ್ತದೆ. ಎಂಟು ಗಂಟೆಗಳ ಕಾಲ ನಿಲ್ಲಲಾರದವರಿಗಾಗಿ ಕುರ್ಚಿಗಳನ್ನು ಕೊಂಡಿದೆ. ಅಂಧ ನೌಕರನಿಗೆ ಆ ದೀಪ ಬೇಡ, ಗಾಲಿಕುರ್ಚಿಯಲ್ಲಿ ಬರುವವರು ತಮ್ಮ ಆಸನವನ್ನು ತಾವೇ ತರುತ್ತಾರೆ. ಬಹುಜನರಿಗೆ ಬೇಕಾದ ಅನುಕೂಲಗಳನ್ನು ಕಟ್ಟಡದ ಲೆಕ್ಕದಲ್ಲಿಯೂ, ಕೆಲವರಿಗೆ ಬೇಕಾದವನ್ನು ಉಪಕಾರದ ಲೆಕ್ಕದಲ್ಲಿಯೂ ಬರೆಯುವುದಕ್ಕೆ ಆಧಾರವೇನೂ ಇಲ್ಲ. ಬರಹಗಾರನ ಕೈಸೆಳೆತದಿಂದ ಬರೆಯಲಾರದ ಅಭ್ಯರ್ಥಿಯೊಬ್ಬನಿಗೆ ಲಿಪಿಕಾರನನ್ನು ನಿರಾಕರಿಸಿದಾಗ, 2021ರಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ತತ್ತ್ವವನ್ನೇ ವಿಸ್ತಾರವಾಗಿ ನಿರೂಪಿಸಿ ಅವನ ಪರವಾಗಿ ತೀರ್ಪು ಕೊಟ್ಟಿತು. 2025ರ ಮಾರ್ಚಿನಲ್ಲಿ ಅದೇ ನ್ಯಾಯಾಲಯವು, ದೃಷ್ಟಿಯಿಲ್ಲವೆಂಬ ಒಂದೇ ಕಾರಣದಿಂದ ಯಾರನ್ನೂ ನ್ಯಾಯಾಧೀಶರ ಹುದ್ದೆಯ ಆಯ್ಕೆಯಿಂದ ಹೊರಗಿಡಲಾಗದೆಂದು ಸಾರಿತು. ಸಾಕ್ಷಿಯ ಮುಖವನ್ನು ಕಾಣದವರು ತೀರ್ಪನ್ನು ಹೇಗೆ ಕೊಡುವರೆಂದು ಶಂಕಿಸುತ್ತಿದ್ದವರಿಗೆ ಉತ್ತರವು ಪೀಠದಿಂದಲೇ ಬಂದಿತು.

ಸಂದರ್ಶನದಲ್ಲಿ “ನಿಮಗೆ ಹೀಗೆ ಯಾವಾಗ ಆಯಿತು, ಹೇಗಾಯಿತು?” ಎಂದು ಕೇಳುವುದರಿಂದ ಸಂಸ್ಥೆಗೆ ಯಾವ ಪ್ರಯೋಜನವೂ ಇಲ್ಲ, “ಈ ಕೆಲಸವನ್ನು ನೀವು ಯಾವ ರೀತಿಯಲ್ಲಿ ನಿರ್ವಹಿಸುವಿರಿ, ಅದಕ್ಕೆ ನಮ್ಮಿಂದ ಏನು ಬೇಕು?” ಎಂಬ ಪ್ರಶ್ನೆಯಿಂದ ಉಂಟು. ಉತ್ತರವು ಎಷ್ಟೋ ಸಲ ಆಶ್ಚರ್ಯವಾಗುವಷ್ಟು ಸರಳವಾಗಿರುತ್ತದೆ. ಕಂಪ್ಯೂಟರಿನ ಪರದೆಯ ಮೇಲಿನ ಬರಹವನ್ನು ಧ್ವನಿಯಾಗಿ ಓದಿಹೇಳುವ ಎನ್‌ವಿಡಿಎ ಎಂಬ ತಂತ್ರಾಂಶವು ಸಂಪೂರ್ಣವಾಗಿ ಉಚಿತ. ಆಸ್ಟ್ರೇಲಿಯಾದ ಇಬ್ಬರು ಅಂಧ ತಂತ್ರಜ್ಞರು, ಮೈಕೇಲ್ ಕರನ್ ಮತ್ತು ಜೇಮ್ಸ್ ಟೆ, 2006ರಿಂದ ಅದನ್ನು ಬೆಳೆಸಿ ಲೋಕಕ್ಕೆ ಕೊಟ್ಟರು. ಅದು ಕನ್ನಡವನ್ನೂ ಓದಬಲ್ಲುದು. ಆದರೆ ನಮ್ಮ ಕಚೇರಿಗಳಲ್ಲಿ ಯೂನಿಕೋಡ್ ಅಲ್ಲದ ಹಳೆಯ ಫಾಂಟುಗಳಲ್ಲಿ ಬೆರಳಚ್ಚು ಮಾಡಿದ ಕನ್ನಡ ಸುತ್ತೋಲೆಯನ್ನು ಅದರ ಮುಂದೆ ಇಟ್ಟರೆ ಅರ್ಥವಿಲ್ಲದ ರೋಮನ್ ಅಕ್ಷರಗಳ ಗದ್ದಲವಷ್ಟೇ ಕೇಳಿಬರುತ್ತದೆ, ಏಕೆಂದರೆ ಆ ಫಾಂಟುಗಳಲ್ಲಿ ಕನ್ನಡವು ಕಣ್ಣಿಗೆ ಕಾಣುವ ಚಿತ್ರ ಮಾತ್ರ. ಯಂತ್ರಕ್ಕೆ ಅದು ಕನ್ನಡವೇ ಅಲ್ಲ. ಸಹಿಮಾಡಿದ ಕಾಗದವನ್ನು ಛಾಯಾಚಿತ್ರವಾಗಿ ಕಳುಹಿಸಿದಾಗಲೂ ಹೀಗೆಯೇ. ಅದೇ ಬರಹವನ್ನು ಯೂನಿಕೋಡಿನಲ್ಲಿ ಕಳುಹಿಸಿದರೆ ಅಂಧ ಸಹೋದ್ಯೋಗಿಯು ಯಾರನ್ನೂ ಆಶ್ರಯಿಸದೆ ಓದಿ ಮುಗಿಸುತ್ತಾನೆ. ಕನ್ನಡದ ಅಭಿಮಾನವುಳ್ಳ ಪ್ರತಿಯೊಬ್ಬರೂ ಈ ಒಂದು ಅಭ್ಯಾಸವನ್ನು ಇಂದೇ ಬದಲಿಸಿಕೊಳ್ಳಬಹುದು. 1951ರಲ್ಲಿ ರೂಪುಗೊಂಡ ಭಾರತೀ ಬ್ರೈಲ್ ನಮ್ಮ ಭಾಷೆಗಳಿಗೆಲ್ಲ ಒಂದೇ ಚುಕ್ಕಿಗಳ ವ್ಯವಸ್ಥೆಯನ್ನು ಕೊಟ್ಟಿತು. ಕನ್ನಡದ ‘ಕ’ವನ್ನು ಬೆರಳಿನಿಂದ ಓದಬಲ್ಲ ಬಾಲಕಿ ಹಿಂದಿಯ, ತಮಿಳಿನ ‘ಕ’ವನ್ನೂ ಅದೇ ಸ್ಪರ್ಶದಿಂದ ಗುರುತಿಸುತ್ತಾಳೆ.

ಬೆಂಗಳೂರಿನಲ್ಲಿ ಪೋಲಿಯೋದಿಂದ ಅಂಗವೈಕಲ್ಯವನ್ನು ಅನುಭವಿಸಿದ ಎನ್. ಎಸ್. ಹೇಮಾ ಅವರು 1959ರಲ್ಲಿ ಕಟ್ಟಿದ ಸಂಸ್ಥೆಯು ತೋಟಗಾರಿಕೆಯಿಂದ ಹಿಡಿದು ನಾನಾ ಕಸುಬುಗಳನ್ನು ಕಲಿಸುತ್ತಿದೆ. 1999ರಲ್ಲಿ ಆರಂಭವಾದ ಎನೇಬಲ್ ಇಂಡಿಯಾ ಕಂಪನಿಗಳಿಗೂ ಉದ್ಯೋಗಾಕಾಂಕ್ಷಿಗಳಿಗೂ ನಡುವೆ ನಿಂತು ದುಡಿಯುತ್ತಿದೆ. ಇವು ನಗರದ ಮಾತಾಯಿತು. ಹಳ್ಳಿಗಳಲ್ಲಿ ಏನಾಗುತ್ತಿದೆಯೆಂದು ತಿಳಿಯಬೇಕಾದರೆ ಗ್ರಾಮ ಪಂಚಾಯಿತಿಯನ್ನು ನೋಡಬೇಕು. ಕರ್ನಾಟಕದಲ್ಲಿ ಅಂಗವೈಕಲ್ಯವುಳ್ಳವರಲ್ಲಿಯೇ ಒಬ್ಬರನ್ನು ಗ್ರಾಮೀಣ ಪುನರ್ವಸತಿ ಕಾರ್ಯಕರ್ತರೆಂದು ಪಂಚಾಯಿತಿಗಳಲ್ಲಿ ನೇಮಿಸುವ ವ್ಯವಸ್ಥೆಯಿದೆ. ಮನೆಮನೆಗೆ ಹೋಗಿ ಗುರುತಿನ ಚೀಟಿ, ಮಾಸಾಶನ, ಸಾಧನ ಸಲಕರಣೆ, ಶಾಲೆಗೆ ಸೇರಿಸುವುದು ಇವೆಲ್ಲವನ್ನೂ ವಿಚಾರಿಸುವ ಇವರಿಗೆ ದೊರೆಯುವುದು ಸಂಬಳವಲ್ಲ, ಅಲ್ಪವಾದ ಗೌರವಧನ. ಅದನ್ನು ಸೇವೆಗೆ ತಕ್ಕ ವೇತನವಾಗಿಸಬೇಕೆಂಬ ಅವರ ಬೇಡಿಕೆ ನ್ಯಾಯವಾದದ್ದೆಂದು ನಾನು ನಂಬುತ್ತೇನೆ. ಪಂಚಾಯಿತಿಯು ತನ್ನ ಸ್ವಂತ ಸಂಪನ್ಮೂಲದ ಶೇಕಡಾ 5ರಷ್ಟನ್ನು ಅಂಗವೈಕಲ್ಯವುಳ್ಳವರಿಗಾಗಿ ವಿನಿಯೋಗಿಸಬೇಕೆಂಬ ನಿಯಮವೂ ಉಂಟು. ಆ ಹಣದಿಂದ ಯಾರಿಗೂ ಬೇಕಿಲ್ಲದ ವಸ್ತುಗಳನ್ನು ಕೊಂಡು ಸಮಾರಂಭದಲ್ಲಿ ಹಂಚಿದರೂ ನಿಯಮ ಪಾಲಿಸಿದಂತಾಗುತ್ತದೆ. ಪಂಚಾಯಿತಿ ಕಚೇರಿಯ ಮೆಟ್ಟಿಲುಗಳ ಪಕ್ಕದಲ್ಲಿ ಇಳಿಜಾರನ್ನು ಕಟ್ಟಿಸಿದರೂ, ಶಾಲೆಯ ಶೌಚಾಲಯದ ಬಾಗಿಲನ್ನು ಅಗಲಗೊಳಿಸಿದರೂ ಆಗುತ್ತದೆ. ಯಾವುದನ್ನು ಮಾಡಬೇಕೆಂಬುದನ್ನು ಗ್ರಾಮಸಭೆಯು ನಿರ್ಣಯಿಸಬಲ್ಲುದು. ಆ ಸಭೆಯ ನೋಟಿಸನ್ನು ಕಿವುಡರೂ ಅಂಧರೂ ಅರಿಯುವಂತೆ ಹೊರಡಿಸಿ, ಗಾಲಿಕುರ್ಚಿಯು ಒಳಗೆ ಬರಬಲ್ಲ ಜಾಗದಲ್ಲಿ ಸಭೆಯನ್ನು ಸೇರಿಸಿ, ಶೇಕಡಾ 5ರ ಲೆಕ್ಕವನ್ನು ಮೊದಲು ಅವರ ಮುಂದೆಯೇ ಓದಿ, ಮುಂದಿನ ವರ್ಷದ ಹಣ ಯಾವುದಕ್ಕೆಂದು ಅವರನ್ನೇ ಕೇಳಿ ಬರೆದುಕೊಳ್ಳುವಂತೆ ತಮ್ಮ ಊರಿನ ಅಧ್ಯಕ್ಷರನ್ನು ಓದುಗರು ಈ ವರ್ಷವೇ ಒತ್ತಾಯಪಡಿಸಬಹುದು.